ಚುಚ್ಚುಮದ್ದು ಮಗುವಿಗೆ, ಬಿಪಿ ತಾಯಿಗೆ

ಗರ್ಭಿಣಿಯಾಗಿದ್ದಾಗ ಬಿಪಿ ಏರಿದವರನ್ನು ಹೆರಿಗೆಯಾದ ಮೇಲೂ ಬಿಡದೆ ನೋಡುತ್ತೇನೆ ಅಂದಾಗ, "ಮಗು ಕೈಗೆ ಬಂದ ಮೇಲೆ ಯಾರು ಬರ್ತಾರೆ ಸಿಸ್ಟರೇ?" ಅಂತ ಜೊತೆಯವರೇ ಕೇಳಿದ್ದರು. ಕೇರಳದ ಗಡಿಯಲ್ಲಿರುವ ಮಂಜೇಶ್ವರ ಕಡೆಯ ನನ್ನ ಆರೋಗ್ಯ ಉಪಕೇಂದ್ರಕ್ಕೆ ಆರು ವರ್ಷದಿಂದ ಬರುತ್ತಿದ್ದಾರೆ. ಅದಕ್ಕೇ ಇದನ್ನು ಬರೆದದ್ದು.

ಮೊದಲ ವರ್ಷ ಪೂರ್ತಿ ವ್ಯರ್ಥ. ಫೋನಿನಲ್ಲಿ ಕರೆಯಲು ಸುಮಾರು 40 ಹೆಸರು ಬರೆದಿಟ್ಟಿದ್ದೆ, ಸಿಕ್ಕವರು ಏಳೆಂಟು ಮಂದಿ. ಬಾಣಂತನಕ್ಕೆ ವಿಟ್ಲ, ಪುತ್ತೂರಿನ ತವರಿಗೆ ಹೋದವರ ನಂಬರೇ ಬದಲಾಗಿತ್ತು. ಸಿಕ್ಕವರನ್ನು ದೊಡ್ಡಾಸ್ಪತ್ರೆಗೆ ಕಳಿಸಿದರೆ ಬಸ್ಸಿನ ಖರ್ಚು, ಬೀಡಿ ಕಟ್ಟುವವಳಿಗೆ ಆ ದಿನದ ಸಂಪಾದನೆಯೂ ಇಲ್ಲ. ಕೊಟ್ಟ ಚೀಟಿ ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಕಲಿತವಳು ಅದನ್ನು ಓದುವುದು ಹೇಗೆ?

ತನಗಾಗಿ ಬಾರದ ತಾಯಿ ಮಗುವಿಗಾಗಿ ಬಂದೇ ಬರುತ್ತಾಳೆ ಅಂತ ಹೊಳೆದದ್ದು ಒಂದು ಬುಧವಾರ, ಚುಚ್ಚುಮದ್ದಿನ ದಿನ. ಒಂದೂವರೆ ತಿಂಗಳು, 9 ತಿಂಗಳು, ಒಂದೂವರೆ ವರ್ಷ, 5 ವರ್ಷ. ಬಿಪಿ ಏರಿದ್ದವಳ ಮಗುವಿನ ಕಾರ್ಡಿನ ಮೂಲೆಗೆ ಕೆಂಪು ಶಾಯಿಯ ಗುರುತು ಹಾಕಿದೆ. ಚುಚ್ಚಿದ ಮೇಲೆ ಅರ್ಧ ಗಂಟೆ ಕೂರಿಸುತ್ತೇವಲ್ಲ, ಆಗ ತಾಯಿಯ ತೋಳಿಗೆ ಬಿಪಿ ಮಷಿನಿನ ಪಟ್ಟಿ.

ಮಷಿನ್ ನನ್ನ ಕೈಯಿಂದ, 2,000 ಚಿಲ್ಲರೆ. ದೊಡ್ಡ ಪಟ್ಟಿಗೆ ಬೇರೆ 700 ಅಂತ ನೆನಪು. ಅದನ್ನು ಮೊದಲೇ ತರಬೇಕಿತ್ತು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಕಾಣುತ್ತದೆ. ಹಾಗೆ ಮೂವರನ್ನು ಸುಮ್ಮನೆ ಆಸ್ಪತ್ರೆಗೆ ಓಡಿಸಿದೆ. ಬಸ್ಸಿನ ದುಡ್ಡು ನಾನೇ ಕೊಟ್ಟೆ.

ಒಬ್ಬಳಿಗೆ ಮೂತ್ರದಲ್ಲಿ ಪ್ರೋಟೀನ್ ಹೋಗಿ, ಎಂಟನೇ ತಿಂಗಳಲ್ಲೇ ಹೆರಿಗೆ ಮಾಡಿಸಬೇಕಾಗಿತ್ತು. ಮಗುವಿಗೆ ಒಂದೂವರೆ ವರ್ಷವಾದಾಗ ಅವಳ ಬಿಪಿ ಸರಿಯೇ ಇತ್ತು. 5ರ ಚುಚ್ಚುಮದ್ದಿಗೆ ಮಗನನ್ನು ಕರೆತಂದಳು, ಬೆರಳಿನಲ್ಲಿ ಹೊಗೆಸೊಪ್ಪಿನ ಪುಡಿ ಇನ್ನೂ ಅಂಟಿಕೊಂಡಿತ್ತು. 164/102. ಮೂತ್ರಕ್ಕೆ ಹೋಗಿ ಬರಲು ಹೇಳಿದೆ, ಗೋಡೆಗೆ ಬೆನ್ನು ಕೊಟ್ಟು ಐದು ನಿಮಿಷ ಮಾತಿಲ್ಲದೆ ಕೂರಿಸಿದೆ. 160/100.

"ತಲೆನೋವೂ ಇಲ್ಲ ಸಿಸ್ಟರೇ. ಆ ಬಿಪಿ ಹೆರಿಗೆಯೊಟ್ಟಿಗೇ ಹೋಯಿತಲ್ಲ?"

"ಹೋದದ್ದು ತಿರುಗಿ ಬಂದಿದೆ ನೋಡು."

ಹೀಗೆ ಬಸಿರಲ್ಲಿ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ಪ್ರಿಎಕ್ಲಾಂಪ್ಸಿಯಾ ಆದವರಿಗೆ ಮುಂದೆ ಹೃದಯದ ಕಾಯಿಲೆಯ, ಪಾರ್ಶ್ವವಾಯುವಿನ ಸಂಭವ ಸುಮಾರು ಎರಡು ಪಟ್ಟು ಎಂದು ನಮಗೆ ಗೊತ್ತು. ಅವಳಿಗೆ ಅದನ್ನು ಯಾರೂ ಹೇಳಿರಲಿಲ್ಲ. ಈಗ ದಿನಾ ಮಾತ್ರೆ ನುಂಗುತ್ತಾಳೆ, ಕಳೆದ ಸಲ ನೋಡಿದಾಗ ಮೇಲಿನ ಅಂಕಿ 130ರ ಆಸುಪಾಸು.

ಮಾತ್ರೆ ಬೇಡ ಅನ್ನುವ ಅತ್ತೆಯಂದಿರನ್ನು ಒಪ್ಪಿಸಲು ನನ್ನದೊಂದು ಉಪಾಯವಿದೆ. ಇಲ್ಲಿ ಬರೆಯುವುದಿಲ್ಲ, ಎದುರು ಸಿಕ್ಕರೆ ಹೇಳುತ್ತೇನೆ.

ನಡುವೆ ಉಪ್ಪಿನದೂ ಒಂದು ಪ್ರಯೋಗ ಮಾಡಿದೆ. ಪ್ಯಾಕೆಟ್ ಒಡೆದ ತಾರೀಖನ್ನು ಅದರ ಮೇಲೇ ಬರೆಯಿರಿ ಅಂದೆ. ತಲೆಗೆ ದಿನಕ್ಕೆ 5 ಗ್ರಾಮಿನಂತೆ ಐವರು ದೊಡ್ಡವರ ಮನೆಗೆ ಒಂದು ಕಿಲೋ 40 ದಿನ ಬರಬೇಕು. ಹೆಚ್ಚಿನ ಮನೆಗಳಲ್ಲಿ ಎರಡು ವಾರಕ್ಕೇ ಖಾಲಿ. ಮಾವಿನ ಮಿಡಿ ಉಪ್ಪಿಗೆ ಹಾಕುವ ತಿಂಗಳಲ್ಲಿ ಲೆಕ್ಕವೆಲ್ಲ ಕೆಟ್ಟಿತು. ಆದರೂ ಗಂಜಿಗೆ ಉಪ್ಪು ಬೆರೆಸುವುದನ್ನು ಕೆಲವರು ಬಿಟ್ಟರು.

ಕೆಂಪು ಗುರುತಿನವರು ಈಗ 60ರ ಹತ್ತಿರ. ಐವತ್ತು ಮಂದಿ ತಪ್ಪದೆ ಬರುತ್ತಾರೆ, ಹದಿನಾಲ್ಕೋ ಹದಿನೈದೋ ಮಂದಿಗೆ ಮಾತ್ರೆ ಶುರುವಾಗಿದೆ. ತೊಡಕು ಒಂದೇ: 5 ಆದ ಮೇಲೆ ಮುಂದಿನ ಚುಚ್ಚುಮದ್ದು 10ಕ್ಕೆ. ಆ ಐದು ವರ್ಷ ಕೈತಪ್ಪದಿರಲಿ ಎಂದು ಭಾನುವಾರದ ಕುಟುಂಬಶ್ರೀ (ಹೆಂಗಸರ ಸ್ವಸಹಾಯ ಸಂಘ) ಸಭೆಗೆ ಮಷಿನ್ ಹೊತ್ತುಕೊಂಡು ಹೋಗತೊಡಗಿದ್ದೇನೆ. ಕಳೆದ ವಾರ ಹನ್ನೊಂದು ಮಂದಿ ತೋಳು ಚಾಚಿದರು.