ಗೋವಾದ ದಿವಾರ್ ದ್ವೀಪದಲ್ಲಿ ಮನೆ ಮಾಡುವವರೇ, ಮೊದಲು ಬಾವಿ ನೋಡಿ

ಪಣಜಿ, ಮಡಗಾಂವ್ ಕಡೆಯ ನಮ್ಮ ಕನ್ನಡದವರು ದಿವಾರ್‌ಗೆ ಬಂದು ಮನೆ ನೋಡುವಾಗ ಮೊದಲು ಕೇಳುವುದು ಸೋಲಾರ್ ವಿಷಯ. ಹಾಕಿಸಿ, ಒಳ್ಳೆಯದೇ. ಒಂದು ಕಿಲೋವ್ಯಾಟ್‌ಗೆ ಬಿಸಿಲಿರುವ ದಿನ ಸುಮಾರು 4 ಯೂನಿಟ್ ಬರುತ್ತದೆ, ಜುಲೈ ತಿಂಗಳಲ್ಲಿ ಅಷ್ಟು ಆಸೆ ಇಟ್ಟುಕೊಳ್ಳಬೇಡಿ. ಆದರೆ ಇಲ್ಲಿ ಮೊದಲು ಕೈಕೊಡುವುದು ನೀರು.

ದ್ವೀಪದ ಸುತ್ತ ಮಾಂಡವಿ ನದಿ. ಬೇಸಿಗೆಯಲ್ಲಿ ಭರತ ಏರಿದಾಗ ಅದರ ನೀರು ಉಪ್ಪು. ನೆಲದಡಿಯ ಮಳೆನೀರು ಹಗುರ, ಅದು ಉಪ್ಪುನೀರಿನ ಮೇಲೆ ಹಾಲಿನ ಕೆನೆಯ ಹಾಗೆ ಕೂತಿರುತ್ತದೆ. ಇಂಥ ಕಡೆ ಭೂಜಲದವರು ಹೇಳುವ ಲೆಕ್ಕ ಕೇಳಿದರೆ ಹೆದರಿಕೆಯಾಗುತ್ತದೆ: ಸಿಹಿನೀರಿನ ಮಟ್ಟ 1 ಅಡಿ ಇಳಿದರೆ ಕೆಳಗಿನ ಉಪ್ಪುನೀರು ಸುಮಾರು 40 ಅಡಿ ಮೇಲೇರಬಹುದು! ನಮ್ಮ ಕಾಂಪೌಂಡಿನಲ್ಲಿ ಒಂಬತ್ತು ಮನೆ, ಒಂದೇ ಬಾವಿ. ಒಂದು ಏಪ್ರಿಲ್‌ನಲ್ಲಿ ನೆಂಟರು ಬರ್ತಾರೆ ಅಂತ ಒಂದು ಮನೆಯವರು ಎರಡು ದಿನ ಪಂಪ್ ನಿಲ್ಲಿಸದೆ ಈಜುಕೊಳ ತುಂಬಿಸಿದರು. ಮೂರನೇ ದಿನ ಬೆಳಿಗ್ಗೆ ಎಲ್ಲರ ಮನೆಯ ಚಹಾನೂ ಉಪ್ಪುಪ್ಪು.

ಅಂದಿನಿಂದ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ಅಷ್ಟೇ ಪಂಪ್. ನಡುವೆ ಬಾವಿಗೆ ಊರಲು ಬಿಡಿ. ನೀರಿನಲ್ಲಿ ಕರಗಿದ ಉಪ್ಪಿನಂಶ ತೋರಿಸುವ ಒಂದು ಟಿಡಿಎಸ್ ಮೀಟರ್ ಕೊಂಡು ವಾರಕ್ಕೊಮ್ಮೆ ಅಳೆದು ಪಂಪ್‌ಹೌಸ್ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ಅಂಕಿ ಏರುತ್ತಾ ಹೋದರೆ ಪಂಪ್ ಇನ್ನೂ ಕಡಿಮೆ ಮಾಡಿ. ಹುಲ್ಲುಹಾಸು ಬೇಡವೇ ಬೇಡ. ಟಾಯ್ಲೆಟ್ ಗುಂಡಿ ಬಾವಿಯಿಂದ ಕನಿಷ್ಠ 50 ಅಡಿ ದೂರ ಇರಲಿ, ಈ ವಿಷಯದಲ್ಲಿ ಮೇಸ್ತ್ರಿಯ ಮಾತಿಗೆ ಮರುಳಾಗದೆ ಟೇಪ್ ಹಿಡಿದು ನೀವೇ ಅಳೆಯಿರಿ.

ತೆಗೆದದ್ದನ್ನು ವಾಪಸ್ ತುಂಬಬೇಕು ಅಲ್ವಾ? ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. 100 ಚದರ ಮೀಟರ್ ಮಾಡಿನ ಮೇಲೆ ಬೀಳುವುದೇ 3 ಲಕ್ಷ ಲೀಟರ್. ಅಷ್ಟನ್ನೂ ಟ್ಯಾಂಕಿನಲ್ಲಿ ಹಿಡಿದಿಡಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಮೊದಲ ಒಂದೆರಡು ಮಳೆಯ ನೀರು ಹೊರಗೆ ಬಿಡಿ, ಹಕ್ಕಿ ಹಿಕ್ಕೆ, ಧೂಳು ಎಲ್ಲ ತೊಳೆದು ಹೋಗಲಿ. ಆಮೇಲೆ ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನ ಮೂಲಕ ಸೀದಾ ಬಾವಿಗೆ. ಕುಡಿಯುವ ನೀರನ್ನು ಮಾತ್ರ ಕುದಿಸಿಯೇ ಕುಡಿಯಿರಿ.

ಹಸಿ ಕಸದ ಗೊಬ್ಬರ ಬೇಸಿಗೆಯಲ್ಲಿ ಮಕ್ಕಳಾಟ, ಮಳೆಗಾಲದಲ್ಲಿ ಕೊಳೆತು ನಾರುತ್ತದೆ. ಅದಕ್ಕೇ ಮಾರ್ಚ್‌ನಲ್ಲೇ ಗೋಣಿಚೀಲಗಟ್ಟಲೆ ದರಕು, ಅಂದರೆ ಒಣಗಿದ ತರಗೆಲೆ, ಗುಡಿಸಿ ಸೂರಿನಡಿ ಇಡಿ. ಒಂದು ಪಾಲು ಅಡುಗೆಮನೆ ಕಸಕ್ಕೆ ಎರಡು ಪಾಲು ದರಕು. ತೆಂಗಿನ ಮಡಲನ್ನು ಸುಡಬೇಡಿ, ತುಂಡು ಮಾಡಿ ತೆಂಗಿನ ಬುಡಕ್ಕೇ ಹಾಕಿ.

ಇನ್ನು ಕೆಳಗಿನ ಗದ್ದೆಗಳು. ಕುಮಟಾ ಕಡೆಯವರಿಗೆ ಹೇಳಬೇಕಾಗಿಲ್ಲ, ಉಪ್ಪುನೀರಿನ ದಡದಲ್ಲಿ ಕಟ್ಟೆ ಕಟ್ಟಿ ಮಾಡಿದ ತಗ್ಗು ಗದ್ದೆ, ಅಂದರೆ ನಮ್ಮ ಗಜನಿಯೇ ಇಲ್ಲಿ ಖಾಜನ್. ಅಲ್ಲಿ ಕಗ್ಗ ಭತ್ತ, ಇಲ್ಲಿ ಕೊರ್ಗುಟ್, ಎರಡೂ ಉಪ್ಪು ತಡೆಯುತ್ತವೆ. ಮಣ್ಣಿನ ಕಟ್ಟೆ, ನೀರು ಒಳಗೆ ಹೊರಗೆ ಬಿಡುವ ಮರದ ಬಾಗಿಲು ಸರಿಯಿದ್ದರೆ ಮಾತ್ರ ಉಪ್ಪುನೀರು ಗದ್ದೆಗೆ ನುಗ್ಗದೆ ಉಳಿಯುತ್ತದೆ. ಹಾಗಾಗಿ ವ್ಯೂ ಚೆನ್ನಾಗಿ ಕಾಣಲಿ ಅಂತ ಕಟ್ಟೆಯನ್ನು ಅಲೆಯಿಂದ ಕಾಯುವ ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಕಡಿಸಬೇಡಿ, ಅದು ಕಾನೂನಿಗೂ ವಿರುದ್ಧ. ಪಾರ್ಕಿಂಗ್‌ಗೆ ಅಂತ ಗದ್ದೆಗೆ ಕೆಂಪು ಮಣ್ಣು ಸುರಿಸಲೂಬೇಡಿ. ಊರಿನವರು ಕಟ್ಟೆ ರಿಪೇರಿಗೆ ಇಳಿದರೆ ನೀವೂ ಹೋಗಿ, ಕೆಸರು ಹೊರಲು ಆಗದಿದ್ದರೆ ಊಟದ ಖರ್ಚಾದರೂ ಕೊಡಿ.

ಪ್ಲಾಸ್ಟಿಕ್ಕಿಗೆ ನಮ್ಮ ಕಾಂಪೌಂಡಿನ ರೂಲು ಒಂದೇ. ಫೆರಿಯಲ್ಲಿ ತಂದದ್ದು ಫೆರಿಯಲ್ಲೇ ವಾಪಸ್. ಹಾಲಿನ ಪ್ಯಾಕೆಟ್ ತೊಳೆದು ಹಗ್ಗಕ್ಕೆ ಸಿಗಿಸಿ ಒಣಗಿಸುತ್ತೇವೆ, ಶನಿವಾರ ಯಾರು ಮಾರ್ಕೆಟ್ಟಿಗೆ ಹೋಗುತ್ತಾರೋ ಅವರ ಸ್ಕೂಟರಿಗೆ ಎಲ್ಲರ ಮನೆಯ ಮೂಟೆ. ಈ ವಾರ ನನ್ನ ಪಾಳಿ.