ಮೂರು ಜೋಡಿ ರ‍್ಯಾಮ್ ಬದಲಾಯಿಸಿದ ಮೇಲೆ ಸಿಕ್ಕ ಕಾರಣ

ನನ್ನ ಕಂಪ್ಯೂಟರಿಗೆ ಮೂರನೆಯ ಜೋಡಿ ಮೆಮೊರಿ ಸ್ಟಿಕ್, ಅಂದರೆ ರ‍್ಯಾಮ್ ಹಾಕಿದ ರಾತ್ರಿಯೂ ಮೆಮ್‌ಟೆಸ್ಟ್ (ಮೆಮೊರಿ ಪರೀಕ್ಷಿಸುವ ಪ್ರೋಗ್ರಾಮ್) ಪರದೆಯಲ್ಲಿ ದೋಷದ ಕೆಂಪು ಸಾಲುಗಳು ಮೂಡಿದಾಗ, ತಪ್ಪು ರ‍್ಯಾಮಿನದಲ್ಲ ಎಂದು ನನಗೆ ಖಚಿತವಾಯಿತು. ರಿಪೇರಿ ಕೆಲಸದಲ್ಲೇ ಪಳಗಿದ ನನ್ನ ಸ್ನೇಹಿತ ಮಾತ್ರ ಇನ್ನೂ ಕಾರಣ ಹುಡುಕುವುದಕ್ಕೆ ಒಪ್ಪಲಿಲ್ಲ. "ಮದರ್‌ಬೋರ್ಡೇ ಹೋಗಿದೆ, ಹೊಸದು ಹಾಕು" ಎಂದು ಹಟ ಹಿಡಿದ. ಇನ್ನೊಬ್ಬರು ಪವರ್ ಸಪ್ಲೈ ಮೇಲೆ ಗುಮಾನಿಪಟ್ಟರು. ಅದೇ ಬೋರ್ಡ್, ಅದೇ ಪ್ರೊಸೆಸರ್, ಅದೇ ಪವರ್ ಸಪ್ಲೈ ಇಟ್ಟುಕೊಂಡು ಸುಮಾರು ಹನ್ನೊಂದು ತಿಂಗಳಿಂದ ಒಂದೂ ದೋಷವಿಲ್ಲದೆ ಕೆಲಸ ಮಾಡುತ್ತಿದ್ದೇನೆ. ಆದ್ದರಿಂದ ಈಗ ಧೈರ್ಯವಾಗಿ ಬರೆಯಬಹುದು.

ಮೊದಲು ಕಂಡದ್ದು ದೊಡ್ಡ ಜಿಪ್ ಕಡತಗಳನ್ನು ಬಿಚ್ಚುವಾಗ, ಕಡತದ ದತ್ತಾಂಶ ಕೆಟ್ಟಿದೆ ಎಂದು ಬರುತ್ತಿದ್ದ ಸಿಆರ್‌ಸಿ ದೋಷ. ಡೌನ್‌ಲೋಡ್ ಕೆಟ್ಟಿದೆ ಎಂದುಕೊಂಡು ವಾರಗಟ್ಟಲೆ ಕಳೆದೆ. ಆಮೇಲೆ ನೀಲಿ ಪರದೆ, ಪ್ರತಿ ಸಲ ಬೇರೆ ಬೇರೆ ಕಾರಣ ತೋರಿಸುತ್ತಿತ್ತು. ಮೆಮ್‌ಟೆಸ್ಟ್ ಹಾಕಿದೆ, ನಲವತ್ತು ನಿಮಿಷದ ಹೊತ್ತಿಗೆ ದೋಷಗಳು ಸುರಿಯತೊಡಗಿದವು. ಸರಿ, ರ‍್ಯಾಮ್ ಹೋಗಿದೆ ಎಂದು ಹೊಸ ಜೋಡಿ ತಂದೆ. ಮೂರು ದಿನ ನೆಮ್ಮದಿ, ನಾಲ್ಕನೆಯ ದಿನ ಮತ್ತೆ ಅದೇ ಕಥೆ. ವಾರಂಟಿಯಲ್ಲಿ ಹಳೆಯ ಜೋಡಿಗೆ ಬದಲಿ ಬಂತು, ಅದನ್ನು ಹಾಕಿದರೂ ಅದೇ. ಹೊಸ ಜೋಡಿಯನ್ನು ಕೊನೆಗೆ ಕೊಂಡ ಬೆಲೆಯ ಅರ್ಧಕ್ಕೆ ಮಾರಿದೆ. ಮೂರನೆಯದಕ್ಕೆ ಕೈ ಹಾಕುವ ಹೊತ್ತಿಗೆ ಖರ್ಚಾದ ದುಡ್ಡಿನಲ್ಲಿ ಸ್ನೇಹಿತ ಹೇಳಿದ ಹೊಸ ಬೋರ್ಡೇ ಬರುತ್ತಿತ್ತು. ಆ ಲೆಕ್ಕ ಇಂದಿಗೂ ಹೊಟ್ಟೆ ಉರಿಸುತ್ತದೆ.

ಎಲ್ಲರೂ ಮಾಡುವುದನ್ನೆಲ್ಲ ಮಾಡಿದೆ. ಎಕ್ಸ್‌ಎಂಪಿ (ಮೆಮೊರಿಯನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ತೆಗೆದು ವೇಗವನ್ನು 3200ರಿಂದ 2666ಕ್ಕೆ ಇಳಿಸಿದೆ: ದೋಷ ಕಡಿಮೆಯಾಯಿತು, ನಿಲ್ಲಲಿಲ್ಲ. ಸ್ಟಿಕ್ಕುಗಳಿಗೆ ಕೊಡುವ 1.35 ವೋಲ್ಟನ್ನು ಸ್ವಲ್ಪ ಏರಿಸಿದೆ, ಉಪಯೋಗವಿಲ್ಲ. ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ಹೊಸದು ಹಾಕಿದೆ, ಸ್ಟಿಕ್ಕುಗಳ ಚಿನ್ನದ ಲೇಪದ ಅಂಚನ್ನು ಆಲ್ಕೋಹಾಲಿನಲ್ಲಿ ಒರೆಸಿದೆ. ಬೇರೊಂದು ಪವರ್ ಸಪ್ಲೈಯನ್ನು ಎರಡು ದಿನದ ಮಟ್ಟಿಗೆ ಎರವಲು ತಂದು ನೋಡಿದೆ.

ನನ್ನ ಕಣ್ಣು ತೆರೆಸಿದ್ದು ದೋಷದ ಸಾಲುಗಳೇ. ಬಹಳ ಜನ ದೋಷಗಳ ಸಂಖ್ಯೆಯನ್ನು ಮಾತ್ರ ನೋಡುತ್ತಾರೆ. ನಾನು ಫೋನಿನಲ್ಲಿ ಪರದೆಯ ಫೋಟೋ ತೆಗೆದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ ಹೋದೆ. ಪರೀಕ್ಷೆಗಾಗಿ ಪ್ರೋಗ್ರಾಮ್ ಮೆಮೊರಿಗೆ ಬರೆದದ್ದು ಪೂರ್ತಿ ಎಫ್‌ಗಳ ಸಾಲು. ತಿರುಗಿ ಓದಿದಾಗ ಬಲದಿಂದ ಮೂರನೆಯ ಜಾಗದಲ್ಲಿ ಎಫ್ ಬದಲು ಬಿ. ಹದಿನಾರರ ಎಣಿಕೆಯಲ್ಲಿ ಈ ಎರಡು ಅಕ್ಷರಗಳಿಗೆ ಒಂದೇ ಒಂದು ಬಿಟ್ (0 ಅಥವಾ 1) ವ್ಯತ್ಯಾಸ. ಮುಂದಿನ ಸಾಲಿನಲ್ಲೂ ಅದೇ ಜಾಗ, ಮರುದಿನವೂ ಅದೇ ಜಾಗ. ವಿಳಾಸಗಳು, ಅಂದರೆ ದೋಷ ಕಂಡ ಜಾಗಗಳು ಮಾತ್ರ ಮೆಮೊರಿಯ ಉದ್ದಗಲಕ್ಕೂ ಚದುರಿದ್ದವು. ಚಿಪ್ಪಿನೊಳಗಿನ ಒಂದು ಕೋಶ ಕೆಟ್ಟರೆ ವಿಳಾಸ ಸ್ಥಿರವಾಗಿರುತ್ತದೆ. ಇಲ್ಲಿ ಸ್ಥಿರವಾಗಿದ್ದದ್ದು ಬಿಟ್. ಸ್ಟಿಕ್ಕುಗಳನ್ನು ಅದಲು ಬದಲು ಮಾಡಿದೆ, ಒಂದೊಂದನ್ನೇ ಹಾಕಿದೆ: ಬಿ ಚಾನೆಲಿನ (ಮೆಮೊರಿಯಿಂದ ಪ್ರೊಸೆಸರಿಗಿರುವ ಎರಡು ದಾರಿಗಳಲ್ಲಿ ಒಂದು) ಎರಡೂ ಸ್ಲಾಟಿನಲ್ಲಿ ಯಾವ ಸ್ಟಿಕ್ ಹಾಕಿದರೂ ಅದೇ ಬಿಟ್, ಎ ಚಾನೆಲಿನಲ್ಲಿ ರಾತ್ರಿಯಿಡೀ ಸ್ವಚ್ಛ. ಅಂದರೆ ಸ್ಲಾಟಿನಿಂದ ಪ್ರೊಸೆಸರಿನವರೆಗೆ ಹೋಗುವ ಒಂದೇ ಒಂದು ತಂತು ಎಲ್ಲೋ ಸಡಿಲ.

ಪ್ರೊಸೆಸರ್ ಬಿಚ್ಚಿ ಸಾಕೆಟ್ಟಿನ ಪಿನ್ನುಗಳ ಮೇಲೆ ಓರೆಯಾಗಿ ಟಾರ್ಚ್ ಹಿಡಿದೆ. ನೆರಳು ಸಾಲುಸಾಲಾಗಿ ಒಂದೇ ಸಮ ಬಿತ್ತು, ಬಾಗಿದ ಪಿನ್ ಒಂದೂ ಇಲ್ಲ. ಪ್ರೊಸೆಸರಿನ ಅಡಿ ಒರೆಸಿ ಮತ್ತೆ ಕೂರಿಸಿದೆ. ಐವತ್ತು ನಿಮಿಷಕ್ಕೆ ಮತ್ತೆ ಕೆಂಪು. ಸಾಕೆಟ್ ಸರಿಯಿದೆ, ಅದರ ತಂಟೆ ಇನ್ನಿಲ್ಲ ಎಂದು ಪಟ್ಟಿಯಿಂದ ಹೊಡೆದುಹಾಕಿದೆ. ಇಡೀ ಪ್ರಯತ್ನದಲ್ಲಿ ನನ್ನ ದೊಡ್ಡ ತಪ್ಪು ಇದೇ, ಇದರಿಂದ ಇನ್ನೂ ಒಂದು ತಿಂಗಳು ಹೋಯಿತು.

ಆ ತಿಂಗಳಲ್ಲಿ ಹೇರ್ ಡ್ರೈಯರ್ ಪ್ರಯೋಗವೂ ನಡೆಯಿತು. ಕಡಿಮೆ ಬಿಸಿಯಲ್ಲಿ ಸ್ಟಿಕ್ಕುಗಳ ಮೇಲೆ ಗಾಳಿ ಬಿಟ್ಟು ಸುಮಾರು ಅರವತ್ತು ಡಿಗ್ರಿಗೆ ತಂದರೂ ದೋಷ ಬರಲಿಲ್ಲ. ಬೋರ್ಡಿನ ಹಿಂಬದಿಯಲ್ಲಿ, ಸಾಕೆಟ್ಟಿನ ಬೆನ್ನಿಗೆ ಬಿಸಿ ತಾಗಿಸಿದಾಗ ಐದಾರು ನಿಮಿಷದಲ್ಲೇ ಬಂತು. ಲಿನಕ್ಸಿನಲ್ಲಿ ಮೆಮ್‌ಮ್ಯಾಪ್ ಎಂಬ ಆಯ್ಕೆ ಕೊಟ್ಟು ಕೆಟ್ಟ ವಿಳಾಸಗಳನ್ನು ಬಿಟ್ಟುಬಿಡುವ ಉಪಾಯವನ್ನೂ ನೋಡಿದೆ. ಒಂದೆರಡು ಜಾಗ ಕೆಟ್ಟಿದ್ದರೆ ಅದು ಒಳ್ಳೆಯ ಉಪಾಯ, ಹೀಗೆ ಎಲ್ಲೆಲ್ಲೂ ಚದುರಿದ್ದರೆ ಕೆಲಸಕ್ಕೆ ಬಾರದು.

ಗೆಲುವು ಸಿಕ್ಕಿದ್ದು ಕ್ಯಾಬಿನೆಟ್ಟನ್ನು ಮಲಗಿಸಿದ ದಿನ. ಹಿಂಬದಿಗೆ ಬಿಸಿ ಕೊಟ್ಟ ಮೇಲೆ ಹಾಗೇ ಮೇಜಿನ ಮೇಲೆ ಅಡ್ಡಲಾಗಿ ಬಿಟ್ಟು, ಮೆಮ್‌ಟೆಸ್ಟ್ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ದೋಷ ಸೊನ್ನೆ. ಎತ್ತಿ ನಿಲ್ಲಿಸಿದೆ, ಮುಕ್ಕಾಲು ಗಂಟೆಗೆ ಕೆಂಪು. ಮತ್ತೆ ಮಲಗಿಸಿದೆ, ಸ್ವಚ್ಛ. ಮೂರು ಮೂರು ಸಲ ಹೀಗೆ ಮಾಡಿ ಬರೆದಿಟ್ಟೆ. ಸ್ನೇಹಿತ ಕಾಕತಾಳೀಯ ಎಂದ. ಆರಕ್ಕೆ ಆರೂ ಕಾಕತಾಳೀಯವಾಗುವುದಿಲ್ಲ.

ಪ್ರೊಸೆಸರ್ ಮೇಲೆ ಕೂರಿಸಿ ಅದನ್ನು ತಣಿಸುವ ನನ್ನ ಕೂಲರ್ ಗೋಪುರದಂಥದ್ದು, ಹೆಚ್ಚುಕಡಿಮೆ ಒಂದು ಕೆಜಿ ತೂಕ. ಕ್ಯಾಬಿನೆಟ್ ನಿಂತಾಗ ಆ ಭಾರವೆಲ್ಲ ಬೋರ್ಡಿನಿಂದ ಹೊರಕ್ಕೆ ಜೋತುಬೀಳುತ್ತದೆ. ಅದರ ನಾಲ್ಕು ಸ್ಕ್ರೂಗಳನ್ನು ನಾನು ಸುತ್ತಿನಲ್ಲಿ ಒಂದಾದ ಮೇಲೆ ಒಂದನ್ನು ಪೂರ್ತಿ ಬಿಗಿ ಮಾಡುತ್ತಿದ್ದೆ. ಹಾಗೆ ಮಾಡಿದರೆ ಪ್ರೊಸೆಸರ್ ಕೂದಲೆಳೆಯಷ್ಟು ವಾಲಿ ಕೂರುತ್ತದೆ, ಒಂದು ಮೂಲೆಯ ಪಿನ್ನುಗಳ ಮೇಲೆ ಒತ್ತಡ ಸಾಲದು. ಬಿಸಿಯಾಗಿ ಬೋರ್ಡ್ ಇಷ್ಟೇ ಇಷ್ಟು ಬಾಗಿದರೂ ಸಾಕು, ಸಂಪರ್ಕ ತಪ್ಪುತ್ತದೆ. ಸಾಕೆಟ್ ಒರೆಸಿದ ದಿನವೂ ಕೂಲರನ್ನು ಅದೇ ಅಭ್ಯಾಸದಲ್ಲಿ ಕೂರಿಸಿದ್ದೆ. ಅದಕ್ಕೇ ಫಲ ಕಾಣಲಿಲ್ಲ.

ಕ್ಯಾಬಿನೆಟ್ ಮಲಗಿಸಿ, ಶಾಖ ಸಾಗಿಸುವ ಪೇಸ್ಟ್ ಹೊಸದಾಗಿ ಹಚ್ಚಿ, ಎದುರುಬದುರು ಮೂಲೆಗಳಂತೆ ಒಂದೊಂದು ಸ್ಕ್ರೂವಿಗೆ ಅರ್ಧ ಸುತ್ತು, ಕೊನೆಯಲ್ಲಿ ಕಾಲು ಸುತ್ತು. ಬಿಗಿ ಎಲ್ಲಿಗೆ ನಿಲ್ಲಿಸಬೇಕೆಂಬ ಗುರುತು ನನ್ನದೇ ಒಂದಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಭಾರ ಹೊರಲು ಕೂಲರಿನ ತುದಿಗೆ ಒಂದು ಸಣ್ಣ ಊರುಗೋಲು ಕೊಟ್ಟೆ. ಗ್ರಾಫಿಕ್ಸ್ ಕಾರ್ಡಿಗೆ ಕೊಡುತ್ತಾರಲ್ಲ, ಆ ಮಾದರಿಯದೇ. ನಿಲ್ಲಿಸಿ ಮೂವತ್ತು ಗಂಟೆ ಮೆಮ್‌ಟೆಸ್ಟ್ ಓಡಿಸಿದೆ, ದೋಷ ಸೊನ್ನೆ. ಖರ್ಚಾದದ್ದು ಪೇಸ್ಟಿನ ಒಂದು ಹನಿ ಮತ್ತು ಆ ಊರುಗೋಲು.

ಮನೆಯಲ್ಲಿ ಉಳಿದ ಎರಡು ಜೋಡಿಯನ್ನೂ ಆಮೇಲೆ ಒಟ್ಟಿಗೆ ಹಾಕಿದೆ. ನಾಲ್ಕು ಸ್ಟಿಕ್ ಇದ್ದಾಗ 3200ರಲ್ಲಿ ಬೂಟ್ ಆಗಲೇ ಇಲ್ಲ, 2933ರಲ್ಲಿ ಗಟ್ಟಿಯಾಗಿ ನಿಂತಿದೆ. ಅದು ಸಾಕೆಟ್ಟಿನ ತಪ್ಪಲ್ಲ, ಪ್ರೊಸೆಸರಿನೊಳಗಿನ ಮೆಮೊರಿ ಕಂಟ್ರೋಲರಿನ ಮೇಲೆ ಬೀಳುವ ಹೊರೆ. ಟೈಮಿಂಗ್ (ಮೆಮೊರಿ ಉತ್ತರ ಕೊಡಲು ಬಿಡುವ ಸಮಯ) ಒಂದಿಷ್ಟು ಸಡಿಲಿಸಿ 3066ಕ್ಕೆ ಏರಿಸುವ ಕೆಲಸ ಈಗ ನಡೆದಿದೆ.