ಮಳೆಗಾಲ ಕಳೆದ ಮೇಲೆ ಹುಲ್ಲು ಕತ್ತರಿಸುವ ಗಾಡಿ ಸ್ಟಾರ್ಟ್ ಆಗದಿದ್ದರೆ

ಗೋವಾದ ರೆಸಾರ್ಟು, ಶಾಲೆ ಮೈದಾನಗಳಲ್ಲಿ ಕೂತು ಓಡಿಸುವ ಮೋವರ್‌ಗಳು (ಹುಲ್ಲು ಕತ್ತರಿಸುವ ಗಾಡಿಗಳು) ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚಾಗಿ ಶೆಡ್ಡಿನಲ್ಲೇ ಇರುತ್ತವೆ. ನೆನೆದ ನೆಲಕ್ಕೆ ಇಳಿಸಿದರೆ ಗಾಲಿ ಹೂತುಹೋಗುತ್ತದೆ. ಅಕ್ಟೋಬರ್‌ನಲ್ಲಿ ಪ್ರವಾಸಿಗರು ಬರುವ ಹೊತ್ತಿಗೆ ಹೊರಗೆ ತೆಗೆದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಮಡಗಾಂವ, ವಾಸ್ಕೋ ಕಡೆ ತೋಟದ ಕೆಲಸದಲ್ಲಿರುವ ನಮ್ಮವರಿಗೆ ಇದು ವರ್ಷವರ್ಷದ ತಲೆನೋವು. ಇಂಥ ಹೊತ್ತಲ್ಲಿ ಒಂದೇ ಸಮನೆ ಸೆಲ್ಫ್ ಹೊಡೆಯಬೇಡಿ. 5 ಸೆಕೆಂಡ್ ಹೊಡೆದರೆ ಒಂದು ನಿಮಿಷ ಬಿಡಿ, ಇಲ್ಲದಿದ್ದರೆ ಸ್ಟಾರ್ಟರ್ ಮೋಟರ್ ಸುಡುತ್ತದೆ. ಸ್ಪ್ಯಾನರ್ ಹಿಡಿಯುವ ಮೊದಲು ಕೀ ತಿರುಗಿಸಿದಾಗ ಬರುವ ಸದ್ದು ಕೇಳಿ. ಅರ್ಧ ದೋಷ ಅಲ್ಲೇ ಗೊತ್ತಾಗುತ್ತದೆ.

ಸದ್ದೇ ಇಲ್ಲವಾದರೆ ಬ್ರೇಕ್ ಪೆಡಲ್ ಪೂರ್ತಿ ಒತ್ತಿದ್ದೀರಾ, ಬ್ಲೇಡಿನ ಸ್ವಿಚ್ ಆಫ್ ಇದೆಯಾ ನೋಡಿ. ಕೆಲವು ಮಾಡೆಲ್‌ಗಳಲ್ಲಿ ಸೀಟಿನ ಮೇಲೆ ಕೂತರೆ ಮಾತ್ರ ಸೆಲ್ಫ್ ಕೆಲಸ ಮಾಡುತ್ತದೆ. ಪಕ್ಕದಲ್ಲಿ ನಿಂತು ಕೀ ತಿರುಗಿಸಿದರೆ ಏನೂ ಆಗುವುದಿಲ್ಲ. ಆಮೇಲೆ ಫ್ಯೂಸ್ ನೋಡಿ. ಸೀಟಿನ ಕೆಳಗಿನ ವೈರನ್ನು ಇಲಿ ಕಡಿದಿರುವುದೂ ಉಂಟು. ಈ ಸುರಕ್ಷತಾ ಸ್ವಿಚ್‌ಗಳ ವೈರನ್ನು ಸುಮ್ಮನೆ ಜೋಡಿಸಿಬಿಡುವವರಿದ್ದಾರೆ. ಅದು ಬೇಡ. ಒತ್ತಿದಾಗ ಕರೆಂಟ್ ಕೂಡಿಸುವ ಸ್ವಿಚ್ ಬೇರೆ, ಕಡಿಯುವ ಸ್ವಿಚ್ ಬೇರೆ, ಹಾಗಾಗಿ ವೈರ್ ಜೋಡಿಸಿದರೂ ಗಾಡಿ ಸ್ಟಾರ್ಟ್ ಆಗದಿರಬಹುದು. ಅದಕ್ಕಿಂತ ಮುಖ್ಯವಾಗಿ, ಹಾಗೆ ಜೋಡಿಸಿದರೆ ಸವಾರ ಬಿದ್ದರೂ ಬ್ಲೇಡ್ ತಿರುಗುತ್ತಲೇ ಇರುತ್ತದೆ.

‘ಟಕಟಕಟಕ’ ಅಂದರೆ ಬ್ಯಾಟರಿ ಇಳಿದಿದೆ. ಮಲ್ಟಿಮೀಟರ್‌ನಲ್ಲಿ 12.6 ವೋಲ್ಟ್ ಇರಬೇಕು, 12.4ಕ್ಕಿಂತ ಕಡಿಮೆಯಿದ್ದರೆ ಮೊದಲು ಚಾರ್ಜ್ ಮಾಡಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಆಯಸ್ಸು ಮುಗಿಯಿತು ಅಂತಲೇ ಲೆಕ್ಕ. ಬ್ಯಾಟರಿ ಸರಿಯಿದ್ದೂ ಒಂದೇ ‘ಟಕ್’ ಬಂದರೆ ಸೊಲೆನಾಯ್ಡ್ (ಸ್ಟಾರ್ಟರ್‌ಗೆ ಕರೆಂಟ್ ಬಿಡುವ ಸ್ವಿಚ್) ಅಥವಾ ಅರ್ಥಿಂಗ್ ಮೇಲೆ ಅನುಮಾನ. ಕಡಲ ಗಾಳಿಗೆ ಟರ್ಮಿನಲ್ ಮೇಲೆ ಹಸಿರು-ಬಿಳಿ ಪುಡಿ ಕೂರುತ್ತದೆ. ಮೈನಸ್ ವೈರನ್ನು ಮೊದಲು ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೆ ಬ್ರಷ್‌ನಿಂದ ಉಜ್ಜಿ. ಮೈನಸ್ ವೈರ್ ಚಾಸಿಸ್‌ಗೆ ಕೂಡುವ ಬೋಲ್ಟ್ ಯಾರ ಕಣ್ಣಿಗೂ ಬೀಳುವುದಿಲ್ಲ. ಅದರಡಿಯ ತುಕ್ಕನ್ನು ಮರಳು ಕಾಗದದಲ್ಲಿ ತೆಗೆದು, ಲೋಹ ಹೊಳೆಯುವಂತೆ ಮಾಡಿ ಬಿಗಿಯಿರಿ.

ಎಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ ಅಂದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಿದ್ದರೆ ಕಿಡಿ ಇಲ್ಲ, ಇಲ್ಲವೇ ಚೋಕ್ ಅತಿಯಾಗಿದೆ.

ಹೆಚ್ಚಿನ ಸಲ ತೊಂದರೆ ಪೆಟ್ರೋಲಿನದು. ಈಗ ಪಂಪಿನಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಮಳೆಗಾಲದ ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಟ್ಯಾಂಕಿನ ತಳದಿಂದ ಒಂದಿಷ್ಟು ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಇಡಿ. ಕೆಳಗೆ ಬೇರೆ ಪದರ ಕಂಡರೆ ಅಥವಾ ವಾರ್ನಿಶ್ ವಾಸನೆ ಬಂದರೆ ಪೂರ್ತಿ ಖಾಲಿ ಮಾಡಿ. ಹೊಸದನ್ನು ಬೆರೆಸಿ ಉಳಿಸಿಕೊಳ್ಳುವ ಆಸೆ ಬೇಡ.

ಆಮೇಲೆ ಕಾರ್ಬ್ಯುರೇಟರ್, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ. ಅದರ ಬಟ್ಟಲಿನ ಕೆಳಗೆ ವೈರ್ ಇರುವ ಇನ್ನೊಂದು ಸೊಲೆನಾಯ್ಡ್ (ಪೆಟ್ರೋಲ್ ತಡೆಯುವ ಪಿನ್) ಇದ್ದರೆ ಕೀ ಆನ್ ಮಾಡಿದಾಗ ಸಣ್ಣಗೆ ‘ಟಿಕ್’ ಅನ್ನಬೇಕು. ಅನ್ನದಿದ್ದರೆ ಅದರ ಪಿನ್ ಜೆಟ್ಟನ್ನು (ಪೆಟ್ರೋಲ್ ಬರುವ ಸಣ್ಣ ರಂಧ್ರವನ್ನು) ಮುಚ್ಚಿಕೊಂಡೇ ಕೂತಿದೆ. ಟಿಕ್ ಬಂದರೆ ಬಟ್ಟಲು ಇಳಿಸಿ. ತಳದಲ್ಲಿ ಕಂದು ಅಂಟು, ಬಿಳಿ ಪುಡಿ ಇದ್ದರೆ ಮೇನ್ ಜೆಟ್ ಕಟ್ಟಿಕೊಂಡಿರುತ್ತದೆ. ಬೆಳಕಿಗೆ ಹಿಡಿದರೆ ರಂಧ್ರದಲ್ಲಿ ಆಚೆಯ ಬೆಳಕು ದುಂಡಗೆ ಕಾಣಬೇಕು. ಕ್ಲೀನರ್ ಸ್ಪ್ರೇ ಹೊಡೆದು, ವೈರಿನಿಂದ ಬಿಡಿಸಿದ ಒಂದೇ ತಾಮ್ರದ ಎಳೆ ತೂರಿಸಿ. ಸೂಜಿ ಹಾಕಿದರೆ ಹಿತ್ತಾಳೆಯ ರಂಧ್ರ ದೊಡ್ಡದಾಗುತ್ತದೆ. ಟ್ಯಾಂಕ್ ಮುಚ್ಚಳದ ಗಾಳಿ ಕಿಂಡಿಯನ್ನೂ ನೋಡಿ. ಕಣಜ ಅಲ್ಲಿ ಮಣ್ಣು ಮೆತ್ತಿರುತ್ತದೆ.

ಕಿಡಿ ನೋಡಲು ಬಿಚ್ಚಿದ ಪ್ಲಗ್ಗನ್ನು ಕ್ಯಾಪಿಗೆ ಹಾಕಿ ಎಂಜಿನ್ನಿನ ಲೋಹಕ್ಕೆ ತಾಗಿಸಿ ಸೆಲ್ಫ್ ಹೊಡೆಯಿರಿ. ಸುತ್ತ ಚೆಲ್ಲಿದ ಪೆಟ್ರೋಲನ್ನು ಒರೆಸಿರಬೇಕು, ಪ್ಲಗ್ ಬಿಚ್ಚಿದ ತೂತಿನಿಂದ ದೂರ ಇರಬೇಕು. ನೀಲಿ ಕಿಡಿ ಬಂದರೆ ಸರಿ. ಬಹಳಷ್ಟು ಸಿಂಗಲ್ ಸಿಲಿಂಡರ್ ಎಂಜಿನ್‌ಗಳಿಗೆ ಪ್ಲಗ್ ಗ್ಯಾಪ್ (ತುದಿಯ ಎರಡು ಲೋಹಗಳ ನಡುವಿನ ಸಂದು) 0.76 ಮಿ.ಮೀ. ಮ್ಹಾಪ್ಸಾದ ಬೈಕ್ ಅಂಗಡಿಯಿಂದ ಯಾವುದೋ ಪ್ಲಗ್ ತಂದು ಹಾಕಬೇಡಿ: ಚೂಡಿಯ (ತಿರುಪಿನ ಭಾಗದ) ಅಗಲ ಹೊಂದಿದರೂ ಉದ್ದ ಹೆಚ್ಚಿದ್ದರೆ ಪಿಸ್ಟನ್‌ಗೆ ಬಡಿಯುತ್ತದೆ. ಹಳೇ ಪ್ಲಗ್ಗನ್ನೇ ಅಂಗಡಿಗೆ ಒಯ್ಯಿರಿ. ಹೊಸ ಪ್ಲಗ್‌ಗೂ ಕಿಡಿ ಬರದಿದ್ದರೆ ಕಿಡಿ ಹುಟ್ಟಿಸುವ ಕಾಯಿಲ್‌ಗೆ ಬರುವ ಸಣ್ಣ ಕಿಲ್ ವೈರನ್ನು (ಎಂಜಿನ್ ನಿಲ್ಲಿಸುವ ವೈರ್) ತಾತ್ಕಾಲಿಕವಾಗಿ ಬಿಚ್ಚಿ ನೋಡಿ. ಆಗ ಕಿಡಿ ಬಂದರೆ ಕಾಯಿಲ್ ಸರಿಯಿದೆ, ಆ ವೈರ್ ಅಥವಾ ಸ್ವಿಚ್ ಎಲ್ಲೋ ಅರ್ಥ್ ಆಗುತ್ತಿದೆ.

ಇನ್ನೊಂದು ಜಾತಿಯ ದೋಷ: ಎಂಜಿನ್ ಅರ್ಧ ಸುತ್ತು ತಿರುಗಿ ಗಕ್ಕನೆ ನಿಲ್ಲುವುದು. ಬ್ಯಾಟರಿ ಹೊಸದಾಗಿದ್ದೂ ಹೀಗಾದರೆ ಆಯಿಲ್ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಕಾರ್ಬ್ಯುರೇಟರಿಗೆ ಬರುವ ಪೆಟ್ರೋಲನ್ನು ತಡೆಯುವ ನೀಡಲ್ ಸೋರಿ ಪೆಟ್ರೋಲ್ ಸಿಲಿಂಡರ್‌ಗೆ ಇಳಿದಿದೆ. ನೀಡಲ್ ಬದಲಿಸಿ, ಪ್ಲಗ್ ಬಿಚ್ಚಿ ತಿರುಗಿಸಿ ಪೆಟ್ರೋಲ್ ಹೊರಹಾಕಿ, ಆಯಿಲ್ ಪೂರ್ತಿ ಬದಲಿಸಿದ ಮೇಲೆಯೇ ಸ್ಟಾರ್ಟ್ ಮಾಡಿ. ತೆಳುವಾದ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗ್ ಹೋಗುತ್ತದೆ. ಆಯಿಲ್ ಸರಿಯಿದ್ದರೆ ಸಾಮಾನ್ಯವಾಗಿ ವಾಲ್ವ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ಹೆಚ್ಚಾಗಿರುತ್ತದೆ. ಸ್ಟಾರ್ಟ್ ಹೊತ್ತಿಗೆ ಒತ್ತಡ ಇಳಿಸಲು ವಾಲ್ವ್ ತೆರೆಯುವ ಕ್ಯಾಮ್‌ನಲ್ಲಿರುವ ಸಣ್ಣ ಉಬ್ಬು ಆಗ ವಾಲ್ವನ್ನು ಎತ್ತಲಾರದು, ಮೋಟರಿಗೆ ಪೂರ್ತಿ ಭಾರ ಬೀಳುತ್ತದೆ. ಎಂಜಿನ್ ತಣ್ಣಗಿರುವಾಗ ಮ್ಯಾನುಯಲ್‌ನಲ್ಲಿ ಕೊಟ್ಟ ಅಳತೆಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಸರಿಪಡಿಸಿದರೆ, ಅದೇ ಬ್ಯಾಟರಿಯಲ್ಲಿ ಎಂಜಿನ್ ಸರಾಗವಾಗಿ ತಿರುಗುತ್ತದೆ.